ಎಂಜಿನ್ನಿಗೆ ಮೊಹರು ಹಾಕಿ, ಚಾಸಿಯನ್ನು ನಮಗೆ ಬಿಡಿ: ಹವ್ಯಾಸಿ ಕಾರ್ಟ್ ರೇಸ್ ಸಂಘಟಕರಿಗೆ ಒಂದು ಬಹಿರಂಗ ಪತ್ರ

ಹವ್ಯಾಸಿ ಕಾರ್ಟ್ ರೇಸ್‌ಗಳನ್ನು ನಡೆಸುವವರಿಗೆ, ಅವುಗಳ ನಿಯಮ ಬರೆಯುವವರಿಗೆ ಮತ್ತು ತಾಂತ್ರಿಕ ಪರಿಶೀಲಕರಿಗೆ,

ಮಾನ್ಯರೇ,

ಮುಂದಿನ ಋತುವಿನಿಂದ ಹವ್ಯಾಸಿ ವಿಭಾಗದ ಎಲ್ಲ ಕಾರ್ಟ್‌ಗಳೂ, ಅಂದರೆ ಒಬ್ಬರೇ ಕೂರುವ ಈ ಪುಟ್ಟ ರೇಸ್ ಬಂಡಿಗಳೆಲ್ಲವೂ, ಒಂದೇ ಹೊಂದಾಣಿಕೆಯಲ್ಲಿ ಓಡಬೇಕು ಎಂಬ ಪ್ರಸ್ತಾಪವನ್ನು ನೀವು ಮುಂದಿಟ್ಟಿದ್ದೀರಿ. ಟೈರಿನಲ್ಲಿ ನೀವು ಹೇಳಿದಷ್ಟೇ ಒತ್ತಡವಿರಬೇಕು, ಹಿಂಬದಿಯ ಅಗಲ ನೀವು ಅಳೆದು ಕೊಟ್ಟಷ್ಟೇ ಇರಬೇಕು, ಸೀಟು ನೀವು ಗುರುತು ಮಾಡಿದ ಜಾಗದಲ್ಲೇ ಕೂರಬೇಕು. ಹೀಗೆ ಮಾಡಿದರೆ ಖರ್ಚು ಇಳಿಯುತ್ತದೆ, ಸ್ಪರ್ಧೆ ಸಮನಾಗುತ್ತದೆ, ಹೊಸಬರು ಹೆದರದೆ ಬರುತ್ತಾರೆ ಎಂದು ನೀವು ಹೇಳುತ್ತೀರಿ. ನಿಮ್ಮ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಋತುವಿನ ಕೊನೆಯ ಹೊತ್ತಿಗೆ ಸಾಲಿನಲ್ಲಿ ನಿಲ್ಲುವ ಕಾರ್ಟ್‌ಗಳ ಸಂಖ್ಯೆ ಕರಗುವುದನ್ನು ನಾನೂ ನೋಡಿದ್ದೇನೆ. ಆದರೆ ರೋಗ ಇರುವುದು ಒಂದು ಕಡೆ, ನೀವು ಕತ್ತರಿ ಇಡುತ್ತಿರುವುದು ಇನ್ನೊಂದು ಕಡೆ. ಅದನ್ನು ಹೇಳಲಿಕ್ಕೇ ಈ ಪತ್ರ.

ನಾನು ಏಳು ವರ್ಷಗಳಿಂದ ಬಿಡುವಿನ ದಿನಗಳಲ್ಲಿ ಕಾರ್ಟ್ ಓಡಿಸುತ್ತಿರುವವನು. ನನಗೆ ಪ್ರಾಯೋಜಕರಿಲ್ಲ, ಮೆಕ್ಯಾನಿಕ್ ಇಲ್ಲ. ಬೋಲ್ಟು ಬಿಗಿಯುವವನೂ ಚೈನಿಗೆ ಎಣ್ಣೆ ಬಿಡುವವನೂ ಲ್ಯಾಪ್ ಸಮಯ ಬರೆದಿಡುವವನೂ ನಾನೇ. ಗೆದ್ದದ್ದು ಕಡಿಮೆ. ಆದರೂ ಪ್ರತಿ ರೇಸಿನ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಮುಂಭಾಗಕ್ಕೆ ಚಕ್ರವನ್ನು ಹೊರಕ್ಕೆ ಸರಿಸುವ ಒಂದು ಸ್ಪೇಸರ್ ಬಿಲ್ಲೆ ಹೆಚ್ಚು ಹಾಕಿದರೆ ಆ ಎರಡನೇ ತಿರುವಿನಲ್ಲಿ ಕಾರ್ಟ್ ಮೂಗು ತಿರುಗಿಸೀತೇ ಎಂದು ಯೋಚಿಸುತ್ತಾ ಮಲಗಿರುತ್ತೇನೆ. ನಿಮ್ಮ ಪ್ರಸ್ತಾಪ ಆ ಪ್ರಶ್ನೆಯನ್ನೇ ನಿಷೇಧಿಸುತ್ತದೆ.

ಕಾರ್ಟ್ ಹೇಗೆ ತಿರುಗುತ್ತದೆ ಎಂಬುದು ನಿಮಗೆ ಗೊತ್ತಿರುವ ವಿಷಯ. ಆದರೂ ಈ ಪತ್ರವನ್ನು ಓದುವ ಇತರರಿಗಾಗಿ ಹೇಳುತ್ತೇನೆ, ಏಕೆಂದರೆ ನನ್ನ ವಾದವೆಲ್ಲ ಅಲ್ಲೇ ನಿಂತಿದೆ. ಕಾರ್ಟ್‌ಗೆ ಸಸ್ಪೆನ್ಷನ್ ಇಲ್ಲ, ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಆಕ್ಸಲ್‌ಗೆ ಬಿಗಿದುಕೊಂಡಿವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಸಾಗಬೇಕು, ಒಳಗಿನದು ಕಡಿಮೆ. ಆದರೆ ಎರಡೂ ಸುತ್ತುವುದು ಒಂದೇ ವೇಗದಲ್ಲಿ. ಆದ್ದರಿಂದ ಒಳಬದಿಯ ಹಿಂಚಕ್ರ ಕ್ಷಣಕಾಲ ನೆಲ ಬಿಡಲೇಬೇಕು. ಸ್ಟೀರಿಂಗ್ ತಿರುಗಿಸಿದಾಗ ಕ್ಯಾಸ್ಟರ್ ಕೋನದ (ಮುಂಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನದ) ದೆಸೆಯಿಂದ ಒಳಗಿನ ಮುಂಚಕ್ರ ನೆಲವನ್ನು ಒತ್ತುತ್ತದೆ, ಹೊರಗಿನದು ಮೇಲೇರುತ್ತದೆ. 30 ಅಥವಾ 32 ಮಿಲಿಮೀಟರ್ ವ್ಯಾಸದ ಉಕ್ಕಿನ ಕೊಳವೆಗಳಿಂದ ಹೆಣೆದ ಚೌಕಟ್ಟು, ಅಂದರೆ ಚಾಸಿ, ಮೂಲೆಯಿಂದ ಮೂಲೆಗೆ ತಿರುಚಿಕೊಂಡು ಆ ಹಿಂಚಕ್ರವನ್ನು ಎತ್ತುತ್ತದೆ. ಕಾರ್ಟ್ ಮೂರು ಚಕ್ರಗಳ ಮೇಲೆ ತಿರುಗಿ, ತಿರುವಿನಿಂದ ಹೊರಬರುವಾಗ ನಾಲ್ಕನೆಯದನ್ನು ಮತ್ತೆ ನೆಲಕ್ಕಿಡುತ್ತದೆ. ಚಕ್ರ ಸಾಕಷ್ಟು ಏಳದಿದ್ದರೆ ಹಗ್ಗ ಕಟ್ಟಿ ಹಿಂದಕ್ಕೆ ಎಳೆದಂತಾಗಿ ಎಂಜಿನ್ನಿನ ಸುತ್ತು ಬಿದ್ದುಹೋಗುತ್ತದೆ. ಎದ್ದದ್ದು ತಡವಾಗಿ ಇಳಿದರೆ ನೇರ ಹಾದಿಗೆ ಬರುವಾಗ ಬೇಕಾದ ಹಿಡಿತ ಸಿಗುವುದಿಲ್ಲ. ಚೌಕಟ್ಟೇ ಸ್ಪ್ರಿಂಗ್. ಆ ಸ್ಪ್ರಿಂಗನ್ನು ಹದ ಮಾಡುವುದಕ್ಕೆ ನಮ್ಮ ಕೈಯಲ್ಲಿರುವುದು ಮುಂದಿನ ಮತ್ತು ಹಿಂದಿನ ಅಗಲ, ಆಕ್ಸಲ್‌ನ ಗಡಸುತನ, ಚಕ್ರವನ್ನು ಆಕ್ಸಲ್‌ಗೆ ಬಿಗಿಯುವ ಹಬ್‌ನ ಉದ್ದ, ಟೋ (ಮುಂಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವುದು), ಕ್ಯಾಂಬರ್ (ಚಕ್ರದ ವಾಲಿಕೆ), ಟೈರಿನ ಒತ್ತಡ ಮತ್ತು ಸೀಟಿನ ಜಾಗ.

ಈಗ ಚಾಲಕನನ್ನು ಕೂರಿಸಿ ನೋಡಿ. ಕಾರ್ಟ್ ಮತ್ತು ಚಾಲಕ ಸೇರಿದ ಒಟ್ಟು ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಚಾಲಕನದೇ. ಬೇರೆ ಯಾವ ಮೋಟಾರು ಕ್ರೀಡೆಯಲ್ಲಿ ಮನುಷ್ಯನ ದೇಹ ಯಂತ್ರದ ಇಷ್ಟು ದೊಡ್ಡ ಭಾಗವಾಗಿದೆ? ಸೀಟು ಸ್ಪ್ರಿಂಗಿಲ್ಲದ ಕುರ್ಚಿ ಮಾತ್ರವಲ್ಲ, ಚೌಕಟ್ಟಿಗೆ ಬಿಗಿದ ಅದು ಚೌಕಟ್ಟಿನ ಬಾಗುವಿಕೆಯನ್ನೂ ನಿರ್ಧರಿಸುತ್ತದೆ. ಎತ್ತರದ ಚಾಲಕ ಕುಳಿತರೆ ಭಾರದ ಕೇಂದ್ರ ಮೇಲೇರುತ್ತದೆ, ತಿರುವಿನಲ್ಲಿ ಹೊರಗಿನ ಟೈರುಗಳ ಮೇಲೆ ಹೆಚ್ಚು ಭಾರ ಬೀಳುತ್ತದೆ. ಗಿಡ್ಡ ಚಾಲಕ ಕುಳಿತರೆ ಅದೇ ಕಾರ್ಟ್ ಬೇರೆ ಕಾರ್ಟ್ ಆಗುತ್ತದೆ. ಹಗುರ ಚಾಲಕ ನಿಯಮದ ಕನಿಷ್ಠ ತೂಕ ತುಂಬಿಸಲು ಸೀಟಿಗೆ ಸೀಸ ಕಟ್ಟಿಕೊಳ್ಳುತ್ತಾನೆ. ಆ ಸೀಸವನ್ನು ಸೀಟಿನ ಬೆನ್ನಿಗೆ ಮೇಲೆ ಕಟ್ಟಿದನೋ ಅಡಿಗೆ ಕಟ್ಟಿದನೋ ಎಂಬುದರಿಂದಲೂ ಕಾರ್ಟಿನ ಸ್ವಭಾವ ಬದಲಾಗುತ್ತದೆ. ಮುಂದೆ ಸುಮಾರು 43, ಹಿಂದೆ 57 ಪ್ರತಿಶತ ಭಾರ ಬರುವಂತೆ ಕಾರ್ಟನ್ನು ಕೂರಿಸುವುದು ಸಾಮಾನ್ಯ ರೂಢಿ. ಒಂದೇ ಜಾಗದಲ್ಲಿ ಬಿಗಿದ ಸೀಟಿನಲ್ಲಿ ಐದು ಬಗೆಯ ದೇಹಗಳು ಕುಳಿತರೆ ಐದು ಬಗೆಯ ಹಂಚಿಕೆ ಬರುತ್ತದೆ. ನಿಮ್ಮ ನಿಯಮ ಯಾರದೋ ಒಬ್ಬರ ದೇಹಕ್ಕೆ ಹೊಲಿದ ಅಂಗಿ. ಅದನ್ನು ಎಲ್ಲರಿಗೂ ತೊಡಿಸಿ ಸಮಾನತೆ ಎಂದು ಕರೆಯುವುದನ್ನು ನಾನು ಒಪ್ಪಲಾರೆ.

ಟೈರಿನ ಒತ್ತಡದ ಮಾತೂ ಹೀಗೆಯೇ. 25 ಡಿಗ್ರಿಯಲ್ಲಿ ತಣ್ಣಗಿರುವಾಗ 12 ಪಿಎಸ್‌ಐ (ಒತ್ತಡದ ಅಳತೆ) ಇಟ್ಟ ಟೈರಿನೊಳಗಿನ ಗಾಳಿ 70 ಡಿಗ್ರಿಗೆ ಕಾಯುವ ಹೊತ್ತಿಗೆ ಒತ್ತಡ 16ರ ಹತ್ತಿರಕ್ಕೆ ಏರಿರುತ್ತದೆ. ಇದು ಗಾಳಿಯ ಗುಣ, ಯಾರೂ ತಿದ್ದಲಾಗದ್ದು. ಭಾರದ ಚಾಲಕನ ಟೈರು ಬೇಗ ಕಾಯುತ್ತದೆ, ಹಗುರ ಚಾಲಕನದು ನಿಧಾನ. ಇಬ್ಬರಿಗೂ 12 ಎಂದು ಬರೆದರೆ ಮೊದಲನೆಯವನ ಟೈರು ರೇಸಿನ ಅರ್ಧಕ್ಕೇ ಜಾರಲು ಶುರುಮಾಡುತ್ತದೆ, ಎರಡನೆಯವನದು ಹದಕ್ಕೆ ಬರುವಷ್ಟರಲ್ಲಿ ಬಾವುಟ ಬೀಸಿ ಆಗಿರುತ್ತದೆ. ಅರ್ಧ ಪಿಎಸ್‌ಐ ಹೆಚ್ಚು ಕಡಿಮೆ ಮಾಡುವ ಸ್ವಾತಂತ್ರ್ಯ ಇಬ್ಬರನ್ನೂ ಒಂದೇ ನೆಲದ ಮೇಲೆ ನಿಲ್ಲಿಸುತ್ತದೆ. ಅದಕ್ಕೆ ಬೇಕಾದದ್ದು ಒಂದು ಒಳ್ಳೆಯ ಒತ್ತಡಮಾಪಕ ಮತ್ತು ತಾಳ್ಮೆ.

ಇಲ್ಲಿಯೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ರೇಸಿನಲ್ಲಿ ಎಷ್ಟು ಲ್ಯಾಪ್ ಎಂಬುದನ್ನು ಅನೇಕ ಕಡೆ ಅದೇ ದಿನ ಬೆಳಿಗ್ಗೆ, ಕೆಲವೊಮ್ಮೆ ಸಾಲಿನಲ್ಲಿ ನಿಂತ ಮೇಲೆ ಬದಲಿಸುತ್ತಾರೆ. ಎಂಟು ಲ್ಯಾಪ್‌ಗೆ ಇಡುವ ಒತ್ತಡ ಬೇರೆ, ಇಪ್ಪತ್ತು ಲ್ಯಾಪ್‌ಗೆ ಇಡುವುದು ಬೇರೆ. ಚಿಕ್ಕ ರೇಸಿಗೆ ಟೈರು ಬೇಗ ಹದಕ್ಕೆ ಬರಲೆಂದು ತುಸು ಹೆಚ್ಚು ಇಡುತ್ತೇವೆ, ಉದ್ದದ ರೇಸಿಗೆ ಕೊನೆಯವರೆಗೂ ಬಾಳಲೆಂದು ತುಸು ಕಡಿಮೆ. ಲ್ಯಾಪ್‌ಗಳ ಸಂಖ್ಯೆಯನ್ನು ಹಿಂದಿನ ದಿನವೇ ಬರೆದು ಹಾಕಿ, ಮತ್ತೆ ಮುಟ್ಟಬೇಡಿ.

ಇನ್ನು ಖರ್ಚು. ಹವ್ಯಾಸಿಗಳನ್ನು ಈ ಆಟದಿಂದ ಓಡಿಸುತ್ತಿರುವುದು ಖರ್ಚೇ ಎಂಬುದರಲ್ಲಿ ನಿಮ್ಮೊಂದಿಗೆ ನನ್ನ ತಕರಾರಿಲ್ಲ. ಆದರೆ ಆ ಹಣ ಎಲ್ಲಿ ಹೋಗುತ್ತಿದೆ ನೋಡಿ. ಐದು ಮಿಲಿಮೀಟರಿನ ಸ್ಪೇಸರ್‌ಗಳು, ಅಲೆನ್ ಕೀ, ಅಳತೆ ಪಟ್ಟಿ: ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತವೆ. ಹಣ ಸುಡುವುದು ಎರಡು ಕಡೆ. ಒಂದು, ಅರ್ಹತಾ ಸುತ್ತಿಗೊಂದು, ರೇಸಿಗೊಂದು ಎಂದು ಹೊಸ ಟೈರುಗಳ ಸೆಟ್‌ಗಳನ್ನು ಕೊಳ್ಳುವುದರಲ್ಲಿ; ಹಾಗೆ ಕೊಳ್ಳಲಾಗದವರು ಹಳೆಯ ಟೈರಿನಲ್ಲಿ ಅವರ ವಿರುದ್ಧ ಓಡಬೇಕು. ಎರಡು, ಎಂಜಿನ್ನಿನೊಳಗೆ. ಸಿಲಿಂಡರಿನ ತಲೆಯನ್ನು ಸ್ವಲ್ಪ ಕೆರೆದು, ಗಾಳಿ ಹೊಗೆ ಹಾಯುವ ಪೋರ್ಟ್‌ಗಳನ್ನು ಸ್ವಲ್ಪ ತಿದ್ದಿ, ಕೂದಲೆಳೆಯಷ್ಟು ಲಾಭಕ್ಕಾಗಿ ಪರಿಣತರ ಬಳಿ ಕಳುಹಿಸುವ ಎಂಜಿನ್ನುಗಳ ಮುಂದೆ ನಮ್ಮಂಥವರು ಎಷ್ಟು ಚೆನ್ನಾಗಿ ತಿರುವು ಹಿಡಿದರೇನು? ನೇರ ಹಾದಿಯಲ್ಲಿ ಅವರು ಸುಮ್ಮನೆ ದಾಟಿ ಹೋಗುತ್ತಾರೆ. ಅಲ್ಲಿ ಕಲಿಯಲಿಕ್ಕೆ ಏನೂ ಇರುವುದಿಲ್ಲ.

ಇದಕ್ಕೆ ಪರಿಹಾರವನ್ನು ಜಗತ್ತು ಈಗಾಗಲೇ ಕಂಡುಕೊಂಡಿದೆ. ಬ್ರಿಗ್ಸ್ ಅಂಡ್ ಸ್ಟ್ರಾಟನ್ 206 ಎಂಜಿನ್ ಕಾರ್ಖಾನೆಯಿಂದಲೇ ಮೊಹರಿನೊಂದಿಗೆ ಬರುತ್ತದೆ, ಅದರ ವೇಗದ ಮಿತಿ ನಿಮಿಷಕ್ಕೆ 6,100 ಸುತ್ತಿಗೆ ಬಿಗಿದಿದೆ. 125 ಸಿಸಿಯ ರೋಟಾಕ್ಸ್ ಮ್ಯಾಕ್ಸ್ ಎಂಜಿನ್ನಿಗೂ ಮೊಹರು ಇದೆ. ಅಧಿಕೃತ ಕೇಂದ್ರಗಳು ಮಾತ್ರ ಅದನ್ನು ಬಿಚ್ಚಬಹುದು. ರೋಟಾಕ್ಸ್ ಮ್ಯಾಕ್ಸ್ ಚಾಲೆಂಜ್‌ನ ಜಾಗತಿಕ ಗ್ರ್ಯಾಂಡ್ ಫೈನಲ್ಸ್‌ನಲ್ಲಿ ಸ್ಪರ್ಧಿಗಳಿಗೆ ಕಾರ್ಟ್ ಮತ್ತು ಎಂಜಿನ್ನುಗಳನ್ನು ಸಂಘಟಕರೇ ಚೀಟಿ ಎತ್ತಿ ಹಂಚುತ್ತಾರೆ. ಹಂಚಿದ ಮೇಲೆ ಚಾಸಿಯನ್ನು ಹದ ಮಾಡುವುದು ಸ್ಪರ್ಧಿಯ ಕೆಲಸ. ದೊಡ್ಡ ಮಟ್ಟದಲ್ಲಿ ಸಮಾನತೆಯನ್ನು ಹೀಗೆ ಸಾಧಿಸಿರುವಾಗ ನಾವು ಅದನ್ನು ಬುಡಮೇಲು ಮಾಡಿ, ಹೊಂದಾಣಿಕೆಯನ್ನು ಮುಚ್ಚಿ ಟೈರು ಎಂಜಿನ್ನುಗಳನ್ನು ತೆರೆದಿಡುವುದು ಏಕೆ?

ಈ ಆಟ ಹುಟ್ಟಿದ್ದೇ ಸ್ಪ್ಯಾನರ್ ಹಿಡಿದ ಕೈಯಿಂದ. 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೇಸ್ ಕಾರುಗಳನ್ನು ಕಟ್ಟುವ ಕೆಲಸದಲ್ಲಿದ್ದ ಆರ್ಟ್ ಇಂಗೆಲ್ಸ್ ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಯಾರಾದ ಎಂಜಿನ್ನೊಂದನ್ನು ಕೊಳವೆಗಳ ಚೌಕಟ್ಟಿಗೆ ಕೂರಿಸಿ ಮೊದಲ ಕಾರ್ಟ್ ಮಾಡಿದರು. ಆರು ವರ್ಷಗಳ ನಂತರ, 1962ರಲ್ಲಿ, ಅಂತರರಾಷ್ಟ್ರೀಯ ಕಾರ್ಟಿಂಗ್ ಆಯೋಗ ರೂಪುಗೊಂಡಿತು. ಅಂದಿನಿಂದ ಇಂದಿನವರೆಗೆ ಓಡಿಸುವವನೂ ಹದ ಮಾಡುವವನೂ ಒಬ್ಬನೇ ಆಗಿರಬಹುದಾದ ಮೋಟಾರು ಕ್ರೀಡೆ ಇದು. ನನಗೆ ಇದರಷ್ಟು ಅಮೂಲ್ಯವಾದದ್ದು ಬೇರೆ ಯಾವುದೂ ಇಲ್ಲ.

ಹೋದ ಋತುವಿನ ಒಂದು ದಿನವನ್ನು ನಿಮಗೆ ಹೇಳಬೇಕು. ನಮ್ಮ ಪಕ್ಕದ ಪಿಟ್‌ನಲ್ಲಿ (ಕಾರ್ಟ್ ಸಿದ್ಧಮಾಡುವ ಜಾಗದಲ್ಲಿ) ಹೊಸದಾಗಿ ಸೇರಿದ ಒಬ್ಬ ಯುವತಿ ಇದ್ದರು. ಎತ್ತರದವರು, ಅವರ ಕಾರ್ಟು ಗಿಡ್ಡ ಚಾಲಕರೊಬ್ಬರಿಂದ ಬಂದದ್ದು. ಎಲ್ಲರಿಗಿಂತ ಎರಡು ಸೆಕೆಂಡ್ ಹಿಂದೆ ಓಡುತ್ತಿದ್ದರು. ಸ್ಟೀರಿಂಗ್ ತಿರುಗಿಸಿದರೂ ಕಾರ್ಟ್ ನೇರವಾಗಿ ಹೋಗುತ್ತಿತ್ತು. ಸುತ್ತ ಇದ್ದವರು ಇನ್ನೂ ಧೈರ್ಯದಿಂದ ಓಡಿಸಿ ಎಂದು ಹೇಳಿ ಹೇಳಿ ಅವರ ಧೈರ್ಯವನ್ನೇ ಕುಂದಿಸಿದ್ದರು. ಮಧ್ಯಾಹ್ನದ ವಿರಾಮದಲ್ಲಿ ಇಬ್ಬರೂ ಕುಳಿತು ನೋಡಿದೆವು. ಉದ್ದ ಕಾಲುಗಳಿಗೆ ಜಾಗವಾಗಲೆಂದು ಸೀಟನ್ನು ತೀರಾ ಹಿಂದಕ್ಕೆ ಬಿಗಿದಿದ್ದರು. ಮುಂದಿನ ಟೈರುಗಳ ಮೇಲೆ ಭಾರವೇ ಇರಲಿಲ್ಲ. ಸೀಟನ್ನು ಎರಡು ಸೆಂಟಿಮೀಟರ್ ಮುಂದಕ್ಕೆ ತಂದು, ಪೆಡಲುಗಳನ್ನು ಸರಿಸಿ, ಮುಂದಿನ ಚಕ್ರಗಳನ್ನು ಎರಡೂ ಬದಿಗೆ ಐದೈದು ಮಿಲಿಮೀಟರ್ ಹೊರಕ್ಕೆ ಇಟ್ಟೆವು. ಬೇರೇನೂ ಮುಟ್ಟಲಿಲ್ಲ. ಮುಂದಿನ ಸುತ್ತಿನಲ್ಲಿ ಒಂದು ಸೆಕೆಂಡಿಗೂ ಹೆಚ್ಚು ಸಮಯ ಉಳಿಯಿತು. ಹೆಲ್ಮೆಟ್ ತೆಗೆದಾಗ ಅವರು ಮೊದಲು ಕೇಳಿದ್ದು ತಮ್ಮ ಸಮಯವನ್ನಲ್ಲ. "ಅದು ಏಕೆ ತಿರುಗಿತು?" ಎಂದು ಕೇಳಿದರು. ಸಂಜೆ ದೀಪ ಹಚ್ಚುವವರೆಗೂ ಆ ಏಕೆ ಎಂಬುದನ್ನು ಚಾಕ್‌ನಿಂದ ನೆಲದ ಮೇಲೆ ಗೀಚಿ ಮಾತಾಡಿದೆವು. ಈ ಋತುವಿನಲ್ಲೂ ಅವರು ಓಡುತ್ತಿದ್ದಾರೆ. ನಿಮ್ಮ ಹೊಸ ನಿಯಮ ಅಂದೇ ಇದ್ದಿದ್ದರೆ ನಾವು ಮಾಡಿದ್ದು ಅಪರಾಧವಾಗುತ್ತಿತ್ತು. ಅವರು ತಮಗೆ ಓಡಿಸಲು ಬರುವುದಿಲ್ಲ ಎಂದು ನಂಬಿಕೊಂಡು ಮನೆಗೆ ಹೋಗುತ್ತಿದ್ದರು.

ಸೀಟಿನ ಮಾತಿಗೆ ಸುರಕ್ಷತೆಯೂ ಅಂಟಿಕೊಂಡಿದೆ. ತಿರುವಿನಲ್ಲಿ ದೇಹ ಪಕ್ಕಕ್ಕೆ ಒರಗಿದಾಗ ಸೀಟಿನ ಅಂಚು ಪಕ್ಕೆಲುಬಿಗೆ ಒತ್ತುತ್ತದೆ. ಸಡಿಲವಾದ ಅಥವಾ ತಪ್ಪು ಎತ್ತರದ ಸೀಟಿನಲ್ಲಿ ಕುಳಿತು ಪಕ್ಕೆಲುಬು ಬಿರುಕು ಬಿಟ್ಟುಕೊಂಡವರನ್ನು ಈ ಆಟದಲ್ಲಿರುವ ಎಲ್ಲರೂ ಕಂಡಿದ್ದಾರೆ. ಎದೆ ಮತ್ತು ಪಕ್ಕೆಗಳ ಕವಚಕ್ಕೆಂದೇ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಐಎಯ 8870-2018 ಎಂಬ ಮಾನದಂಡವಿದೆ. ಅದನ್ನು ಕಡ್ಡಾಯ ಮಾಡಿ, ನಾನು ಮೊದಲು ಸಹಿ ಹಾಕುತ್ತೇನೆ. ಆದರೆ ಕವಚ ತೊಟ್ಟ ದೇಹ ಎಲ್ಲಿ ಕೂರಬೇಕು ಎಂಬುದನ್ನು ಆ ದೇಹದವರೇ ತೀರ್ಮಾನಿಸಲಿ.

ಹೊಸಬರು ಹೊಂದಾಣಿಕೆಯ ಗೊಂದಲದಲ್ಲಿ ಕಳೆದುಹೋಗುತ್ತಾರೆ ಎಂಬ ನಿಮ್ಮ ಇನ್ನೊಂದು ಆತಂಕದಲ್ಲಿ ನಿಜವಿದೆ. ನಾನೂ ಕಳೆದುಹೋಗಿದ್ದೆ. ಎರಡು-ಸ್ಟ್ರೋಕ್ ಎಂಜಿನ್ ಓಡಿಸುತ್ತಿದ್ದ ಮೊದಲ ವರ್ಷ, ಬಿಸಿಲಿನ ಮಧ್ಯಾಹ್ನದ ಅಭ್ಯಾಸದಲ್ಲಿ ಚೆನ್ನಾಗಿ ಓಡಿದ ಜೆಟ್ಟನ್ನೇ (ಕಾರ್ಬ್ಯುರೇಟರಿನಲ್ಲಿ ಇಂಧನ ಅಳೆದು ಬಿಡುವ ಸಣ್ಣ ರಂಧ್ರದ ತುಣುಕನ್ನು) ಮರುದಿನ ಚಳಿಯ ಬೆಳಿಗ್ಗೆಯೂ ಬಿಟ್ಟಿದ್ದೆ. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ಹೆಚ್ಚು ಇಂಧನ ಕೇಳುತ್ತದೆ ಎಂಬುದು ಗೊತ್ತಿರಲಿಲ್ಲ. ಇಂಧನದಲ್ಲೇ ಬೆರೆತ ಎಣ್ಣೆ ಆ ಎಂಜಿನ್ನಿನ ಜೀವ. ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಮೂರನೇ ಲ್ಯಾಪ್‌ನಲ್ಲಿ, ನೇರ ಹಾದಿಯ ತುದಿಯಲ್ಲಿ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಹಿಂದಿನ ಚಕ್ರಗಳು ಒಮ್ಮೆಲೇ ನಿಂತವು. ಹಿಂದೆ ಬರುತ್ತಿದ್ದವರು ತಪ್ಪಿಸಿಕೊಂಡದ್ದು ಅವರ ಚಾತುರ್ಯ. ಆ ಭಯ ಇನ್ನೂ ನನ್ನ ಕೈಗಳಲ್ಲಿದೆ. ಹಿಂದಿನ ಸಂಜೆ ಯಾರಾದರೂ ಐದು ನಿಮಿಷ ಹೇಳಿಕೊಟ್ಟಿದ್ದರೆ ಅದು ಆಗುತ್ತಿರಲಿಲ್ಲ. ಹಾಗಾಗಿ ನಾನು ನಿಮ್ಮನ್ನು ಕೇಳುವುದು ಹೇಳಿಕೊಡುವ ವ್ಯವಸ್ಥೆಯನ್ನು. ಋತುವಿನ ಆರಂಭದಲ್ಲಿ ಒಂದು ದಿನ ಹೊಸಬರನ್ನು ಕರೆಯಿರಿ. ಸ್ಪಾರ್ಕ್ ಪ್ಲಗ್‌ನ ಬಣ್ಣ ಓದುವುದನ್ನು, ಚೈನ್ ನೇರವಾಗಿದೆಯೇ ಎಂದು ನೋಡುವುದನ್ನು, ಟೋ ಅಳೆಯುವುದನ್ನು ತೋರಿಸಿ. 12 ಹಲ್ಲಿನ ಮುಂದಿನ ಸ್ಪ್ರಾಕೆಟ್‌ಗೆ ಹಿಂದೆ 80 ಹಲ್ಲು ಇದ್ದರೆ ಅನುಪಾತ 6.67, ಮುಂದೆ ಒಂದೇ ಹಲ್ಲು ಇಳಿಸಿ 11 ಮಾಡಿದರೆ 7.27 ಆಗುತ್ತದೆ, ಅಂದರೆ ಹಿಂದೆ ಏಳು ಹಲ್ಲು ಏರಿಸಿದಷ್ಟು. ಇಷ್ಟು ಲೆಕ್ಕ ಗೊತ್ತಿಲ್ಲದೆ ಎಷ್ಟು ಜನ ಇಡೀ ಋತು ತಪ್ಪು ಗೇರಿನಲ್ಲಿ ಓಡುತ್ತಾರೆ! ಕಲಿಸಲು ಬೇಕಾದವರು ಪಿಟ್‌ನಲ್ಲೇ ಇದ್ದಾರೆ, ಕರೆದರೆ ಬರುತ್ತಾರೆ. ನಾನು ಬರುತ್ತೇನೆ.

ಕಲಿಯಲು ಸಮಯವೂ ಬೇಕು. ಈಗ ಬಹಳ ಕಡೆ ಅಭ್ಯಾಸಕ್ಕೆ ಸಿಗುವುದು ಐದೈದು ನಿಮಿಷದ ಎರಡು ಸುತ್ತು. ಟೈರು ಕಾಯುವುದಕ್ಕೇ ಎರಡು ಮೂರು ಲ್ಯಾಪ್ ಹೋಗುತ್ತದೆ. ಒಂದು ಬಾರಿಗೆ ಒಂದೇ ಒಂದನ್ನು ಬದಲಿಸಿ ನೋಡು ಎಂಬುದು ಹದ ಮಾಡುವವರ ಮೊದಲ ಪಾಠ. ಎರಡು ಸುತ್ತಿನಲ್ಲಿ ಒಂದು ಬದಲಾವಣೆಯನ್ನು ಮಾತ್ರ ಪರೀಕ್ಷಿಸಬಹುದು. ಅಷ್ಟರಲ್ಲಿ ಟ್ರ್ಯಾಕೇ ಬದಲಾಗಿರುತ್ತದೆ. ಬೆಳಿಗ್ಗೆ ಧೂಳು ಕುಳಿತ ಟ್ರ್ಯಾಕ್‌ನಲ್ಲಿ ಹಿಡಿತ ಇರುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಟೈರುಗಳ ರಬ್ಬರು ನೆಲಕ್ಕೆ ಮೆತ್ತಿಕೊಂಡು ಹಿಡಿತ ಎಷ್ಟು ಏರುತ್ತದೆ ಎಂದರೆ ಬೆಳಿಗ್ಗೆ ಸರಿಯಾಗಿದ್ದ ಕಾರ್ಟ್ ತಿರುವಿನಲ್ಲಿ ಕುಪ್ಪಳಿಸಲು ತೊಡಗುತ್ತದೆ. ಆಗ ಹಿಂಬದಿಯನ್ನು ಅಗಲ ಮಾಡಬೇಕು, ಇಲ್ಲವೇ ಸೀಟನ್ನು ತಗ್ಗಿಸಬೇಕು. ನಿಮ್ಮ ಸ್ಥಿರ ಹೊಂದಾಣಿಕೆ ಬೆಳಗಿನ ಟ್ರ್ಯಾಕ್‌ಗೋ ಸಂಜೆಯದಕ್ಕೋ? ಮಳೆ ಬಂದರೆ? ಒದ್ದೆ ನೆಲದಲ್ಲಿ ಮುಂದೆ ಅಗಲ, ಹಿಂದೆ ಕಿರಿದು ಮಾಡದೆ ಓಡುವುದು ಅಪಾಯಕ್ಕೆ ಆಹ್ವಾನ.

ಹಾಗಾದರೆ ನಾವು ಕೇಳುವುದಿಷ್ಟು. ಎಂಜಿನ್ನಿಗೆ ಮೊಹರು ಹಾಕಿ, ಸಾಧ್ಯವಿರುವ ಕಡೆ ಚೀಟಿ ಎತ್ತಿ ಹಂಚಿ. ಒಂದು ರೇಸ್ ದಿನಕ್ಕೆ ನಾಲ್ಕು ಟೈರುಗಳ ಒಂದೇ ಸೆಟ್ ಎಂದು ಬರೆಯಿರಿ, ಬೆಳಿಗ್ಗೆಯೇ ಅವುಗಳ ಬಾರ್‌ಕೋಡ್ ದಾಖಲಿಸಿಕೊಳ್ಳಿ; ನಿಮ್ಮ ಪರಿಶೀಲಕರಿಗೆ ಹದಿನೈದು ನಿಮಿಷದ ಕೆಲಸ, ನಮಗೆ ವರ್ಷದ ಖರ್ಚಿನಲ್ಲಿ ದೊಡ್ಡ ಉಳಿತಾಯ. ಅಭ್ಯಾಸಕ್ಕೆ ಹತ್ತು ನಿಮಿಷದ ಮೂರು ಸುತ್ತು ಕೊಡಿ, ನಡುವೆ ಇಪ್ಪತ್ತು ನಿಮಿಷ ಬಿಡುವು ಇರಲಿ. ತೂಕದ ತಕ್ಕಡಿಯನ್ನು ರೇಸಿನ ನಂತರ ಶಿಕ್ಷೆ ಕೊಡಲಿಕ್ಕೆ ಮಾತ್ರ ತೆರೆಯಬೇಡಿ, ಬೆಳಿಗ್ಗೆಯಿಂದಲೇ ಎಲ್ಲರಿಗೂ ಬಿಡಿ. ಕನಿಷ್ಠ ತೂಕದ ನಿಯಮ ಹಗುರ ಚಾಲಕರಿಗೆ ಸೀಸ ಕಟ್ಟಿಕೊಳ್ಳುವ ದಾರಿ ಕೊಡುತ್ತದೆ, ಭಾರದವರಿಗೆ ಯಾವ ದಾರಿಯೂ ಇಲ್ಲ. ಅವರಿಗೊಂದು ಪ್ರತ್ಯೇಕ ವಿಭಾಗ ಮಾಡಿ.

ಕೊನೆಯದು ಕೆಲವರಿಗೆ ಇಷ್ಟವಾಗದೇ ಇರಬಹುದು. ಪ್ರತಿ ರೇಸಿನ ನಂತರ ಮೊದಲ ಮೂರು ಸ್ಥಾನ ಪಡೆದವರ ಹೊಂದಾಣಿಕೆಯ ಹಾಳೆಯನ್ನು ಪಿಟ್‌ನ ಗೋಡೆಗೆ ಅಂಟಿಸಿ: ಒತ್ತಡ, ಅಗಲ, ಆಕ್ಸಲ್, ಗೇರು, ಚಾಲಕರ ತೂಕ. ಗೆದ್ದವರ ಗುಟ್ಟು ಬಯಲಾಗುತ್ತದೆ ಎಂದು ಆಕ್ಷೇಪ ಬಂದೀತು. ಆ ಹಾಳೆ ಆ ದಿನದ ಟ್ರ್ಯಾಕ್‌ಗೆ, ಆ ದೇಹಕ್ಕೆ ಮಾತ್ರ ಸರಿಯಾದದ್ದು. ನಕಲು ಮಾಡಿದವರು ಗೆಲ್ಲುವುದಿಲ್ಲ. ಓದಿ ಅರ್ಥಮಾಡಿಕೊಂಡವರು ಮುಂದಿನ ಬಾರಿ ಸ್ವಲ್ಪ ಹತ್ತಿರ ಬರುತ್ತಾರೆ. ಒಂದು ವೇಳೆ ನಾನು ಮೊದಲ ಮೂರರಲ್ಲಿ ಬಂದರೆ ನನ್ನ ಹಾಳೆಯನ್ನು ನಾನೇ ಅಂಟಿಸುತ್ತೇನೆ.

ನಿಯಮಕ್ಕೆ ಮುದ್ರೆ ಒತ್ತುವ ಮೊದಲು ನಿಮ್ಮಲ್ಲಿ ಇಬ್ಬರಾದರೂ ಒಂದು ಅಭ್ಯಾಸದ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಪಿಟ್‌ನಲ್ಲಿ ನಮ್ಮೊಂದಿಗೆ ಇರಿ ಎಂದು ಬೇಡಿಕೊಳ್ಳುತ್ತೇನೆ. ಬೇರೆ ಬೇರೆ ದೇಹದ ಮೂವರು ಚಾಲಕರನ್ನು ಒಂದೇ ಕಾರ್ಟಿನಲ್ಲಿ ಕೂರಿಸೋಣ, ಮೊದಲು ನಿಮ್ಮ ಪ್ರಸ್ತಾಪದ ಅಳತೆಯಲ್ಲಿ, ಆಮೇಲೆ ಅವರವರಿಗೆ ಹದ ಮಾಡಿ. ಲ್ಯಾಪ್ ಸಮಯಗಳನ್ನು ನೀವೇ ಬರೆದುಕೊಳ್ಳಿ. ಮೂವರ ನಡುವಿನ ಅಂತರ ಯಾವಾಗ ಕಡಿಮೆಯಾಗುತ್ತದೆ ಎಂಬುದನ್ನು ನೋಡಿ ತೀರ್ಮಾನಿಸಿ. ನನ್ನ ಏಳು ವರ್ಷಗಳ ಟಿಪ್ಪಣಿ ಪುಸ್ತಕಗಳನ್ನೂ ತರುತ್ತೇನೆ. ದಿನ ಗೊತ್ತುಮಾಡಿ ತಿಳಿಸಿ, ಕಾರ್ಟ್ ಸಿದ್ಧವಾಗಿರುತ್ತದೆ.

ಇಂತಿ,
ಗೌರವಗಳೊಂದಿಗೆ,
ಒಬ್ಬ ಹವ್ಯಾಸಿ ಕಾರ್ಟ್ ಚಾಲಕ